ಅತ್ತೆ ಪೂಜೆಗೆ ಕುಳಿತಿದ್ದ ಬೆಳಿಗ್ಗೆ

ಕಾರ್ತಿಕ ಮಾಸದ ಒಂದು ಸೋಮವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಸ್ಥಳ, ಮಿರ್ಲೆಯಲ್ಲಿ ಒಂದು ಲಿಂಗವಂತ ಒಕ್ಕಲು ಮನೆಯ ಒಳಕೋಣೆ. ಇದ್ದವರು ಮೂವರು: ನೋವು ತಿನ್ನುತ್ತಿದ್ದ ಸೊಸೆ, ಪಕ್ಕದ ಮನೆಯ ಹೆಂಗಸು, ಕೃಷ್ಣರಾಜನಗರದಿಂದ ಎತ್ತಿನ ಗಾಡಿಯಲ್ಲಿ ಬಂದಿದ್ದ ನಾನು. ಆಗ ಮಹಾರಾಜರ ಆಳ್ವಿಕೆ. ಸರ್ಕಾರಿ ಮಿಡ್‌ವೈಫ್ ಆಗಿ ನನಗೆ ಅದು ಎರಡನೆಯ ವರ್ಷ. ಕೋಣೆಯಲ್ಲಿ ಇರಲೇಬೇಕಾಗಿದ್ದ ಅತ್ತೆ ನಡುಮನೆಯಲ್ಲಿ ಪೂಜೆಗೆ ಕುಳಿತಿದ್ದರು.

ಮೈಸೂರಿನಲ್ಲಿ ನಮಗೆ ತರಬೇತಿ ಕೊಟ್ಟ ಮೇಟ್ರನ್ ಕಲಿಸಿದ್ದ ಕ್ರಮ ಇಷ್ಟೇ: ಮೊದಲು ನೀರು, ಆಮೇಲೆ ಕೈ, ಆಮೇಲೆ ಮಾತು. ನೀರು ಕುದಿಸಿ, ಉಗುರು ಕತ್ತರಿಸಿ, ಮೊಳಕೈವರೆಗೆ ಸೋಪು ಹಚ್ಚಿ ತೊಳೆದ ಮೇಲೆಯೇ ಉಳಿದದ್ದು. ಆ ಕ್ರಮದಂತೆ ಕೈ ತೊಳೆದು ಬಂದು ಸೊಸೆಯನ್ನು ಪರೀಕ್ಷಿಸಿದೆ. ಅವಳಿಗೆ ಇದು ಮೂರನೆಯ ಹೆರಿಗೆ. ಮೊದಲಿನ ಎರಡು ಕೂಸುಗಳೂ ಉಸಿರಾಡದೆ ಹೋಗಿದ್ದವು. ಇದಕ್ಕೆ ಇನ್ನೂ ಎಂಟು ತಿಂಗಳು ತುಂಬಿರಲಿಲ್ಲ. ಇದೂ ಹೋದರೆ ಗಂಡನಿಗೆ ಇನ್ನೊಂದು ಹೆಣ್ಣು ತರುತ್ತಾರೆಂದು ಊರಲ್ಲಿ ಮಾತೆದ್ದಿದೆ ಎಂದು ನೋವಿನ ನಡುವೆ ಅವಳೇ ನನಗೆ ಹೇಳಿದಳು.

“ನಿಮ್ಮತ್ತೆ ಯಾವಾಗ ಬರ್ತಾರೆ?” ಎಂದೆ.

ಉತ್ತರ ಪಕ್ಕದ ಮನೆಯವಳಿಂದ ಬಂತು. “ಆಯಮ್ಮ ಲಿಂಗಪೂಜೆಗೆ ಕುಂತ್ರೆ ಮುಗೀತು ಕಣ್ರವ್ವ. ಎಮ್ಮೆ ತಾನೇ ಅಗ್ಗ ಬಿಚ್ಕೊಂಡು, ಕೆರೆಗ್ ಬಿದ್ದು ಒದ್ದಾಡಿ, ತಿರುಗಿ ಬಂದು ತಾನೇ ಕಟ್ಟಾಕ್ಕೊತದೆ. ಅಲ್ಲೀಗಂಟ ಏಳಕ್ಕಿಲ್ಲ.”

“ಬೇಗ ಮುಗಿಸೋಕೆ ಹೇಳಿ.”

“ನೀವೇ ಯೋಳಿ ನೋಡ್ರವ್ವ. ನಾ ಯೋಳಿ ಬೈಸ್ಕೊಂಡಿದ್ದು ಸಾಕು.”

ಒಂದೊಂದು ಕೂಸು ಹೋದಾಗಲೂ ಅತ್ತೆಯ ಪೂಜೆ ಉದ್ದವಾಯಿತಂತೆ. ಮೊದಲು ಕಾಲು ಗಂಟೆ ಇದ್ದದ್ದು ಒಂದು ಗಂಟೆಯಾಗಿ, ಈಗ ಎರಡರ ಹತ್ತಿರ ಬಂದಿತ್ತು. ಮುಗಿಯುವವರೆಗೆ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ನನಗೆ ಸಿಟ್ಟು ಬಂತು. ಲಿಂಗ ಕಟ್ಟದ ನಮ್ಮ ಮನೆಗಳಲ್ಲಿ ಹೆರಿಗೆಯೆಂದರೆ ಹತ್ತು ದಿನದ ಸೂತಕ. ಪೂಜೆ ಮಾಡುವವರು ಆ ಕೋಣೆಯ ಹೊಸಿಲು ದಾಟುತ್ತಿರಲಿಲ್ಲ. ಈಕೆಯೂ ಮೈಲಿಗೆಗೆ ಹೆದರಿ ದೇವರ ಹಿಂದೆ ಅಡಗಿ ಕುಳಿತಿದ್ದಾರೆಂದು ತೀರ್ಮಾನಿಸಿ ನಡುಮನೆಗೆ ಹೋದೆ.

ಆಕೆ ಎಡ ಅಂಗೈಯಲ್ಲಿ ಲಿಂಗವಿಟ್ಟು, ಎದೆಯ ಮಟ್ಟಕ್ಕೆ ಹಿಡಿದು, ಅದನ್ನೇ ನೋಡುತ್ತಿದ್ದರು. ತುಟಿ ಅಲುಗುತ್ತಿರಲಿಲ್ಲ.

“ಅಮ್ಮಾ, ಪೂಜೆ ಹೆಚ್ಚಾಯ್ತು. ಶಿವ ಎಲ್ಲೂ ಹೋಗಲ್ಲ. ಒಳಗೆ ಕೈ ಬೇಕು,” ಎಂದೆ.

ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಆಕೆ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಬೆಳ್ಳಿಯ ಕರಡಿಗೆಯಲ್ಲಿಟ್ಟು, ಕೊರಳಿಗೆ ಹಾಕಿಕೊಂಡು ಎದ್ದೇಬಿಟ್ಟರು.

“ಯಾರೂ ಕರೀನಿಲ್ಲ, ಅದ್ಕೆ ಕುಂತಿದ್ದೆ. ಏನ್ ಮಾಡ್ಬೇಕು ಯೋಳಿ ನರ್ಸಮ್ಮ.”

“ನಿಮಗೆ ಮೈಲಿಗೆ ಆಗಲ್ವಾ?”

“ಲಿಂಗ ಕಟ್ಟಿರೋ ಮೈಗೆ ಯಾವ ಸೂತಕ? ಮೈಸೂರ್ನಲ್ಲಿ ನಿಮ್ಗೆ ಇದ ಯೋಳ್ಕೊಡ್ನಿಲ್ವಾ?”

ಒಳಗಿನಿಂದ ಪಕ್ಕದ ಮನೆಯವಳು ಗಟ್ಟಿಯಾಗಿ ನಕ್ಕಳು. ನಾನು ಅತ್ತೆಯ ಉಗುರು ಕತ್ತರಿಸಿ, ಕೈಗೆ ಸೋಪು ಹಾಕಿದೆ.

ಒಂಬತ್ತು ಇಪ್ಪತ್ತಕ್ಕೆ ಹೆರಿಗೆಯಾಯಿತು. ಹೆಣ್ಣು ಕೂಸು. ಒಂದೂವರೆ ಗೇಣು ಉದ್ದ, ಅಷ್ಟೇ. ಮೈ ನೀಲಿಗಟ್ಟಿತ್ತು, ಅಳಲಿಲ್ಲ. ಹೊಕ್ಕುಳ ಬಳ್ಳಿ ಕಟ್ಟಿ ಕತ್ತರಿಸುವುದರೊಳಗೆ ಮಾಸೂ ಬಿತ್ತು, ತಾಯಿಗೆ ರಕ್ತ ಹರಿಯತೊಡಗಿತು. ನಾನು ಒಂದು ಕೈಯಿಂದ ಅವಳ ಹೊಟ್ಟೆ ಒತ್ತಿ ಹಿಡಿದೆ. ಆ ಕೈ ತೆಗೆದರೆ ತಾಯಿ ಉಳಿಯುವುದಿಲ್ಲ. ಕೂಸಿನ ಬಾಯಿಗೆ ಉಸಿರು ಊದದಿದ್ದರೆ ಕೂಸು ಉಳಿಯುವುದಿಲ್ಲ. ಯಾರಾದರೂ ಅದನ್ನು ನನ್ನ ಬಾಯಿಯ ಬಳಿ ಒಂದಿಷ್ಟೂ ಅಲುಗದಂತೆ ಹಿಡಿಯಬೇಕಿತ್ತು. ಪಕ್ಕದ ಮನೆಯವಳಿಗೆ ಕೊಟ್ಟೆ. ಅವಳ ಕೈ ಗಡಗಡ ನಡುಗಿ ಕೂಸಿನ ಕತ್ತು ವಾಲಿತು. “ನನ್ ಕೈಲಾಗಕಿಲ್ಲ ಕಣ್ರವ್ವ,” ಎಂದು ಅಳತೊಡಗಿದಳು.

ಅತ್ತೆ ಮುಂದೆ ಬಂದು ಎಡ ಅಂಗೈ ಒಡ್ಡಿದರು. ಕೂಸನ್ನು ಅದರ ಮೇಲೆ ಮಲಗಿಸಿಕೊಂಡು, ನಾನು ತೋರಿಸಿದಂತೆ ಬಲಗೈ ಬೆರಳಿನಿಂದ ಗದ್ದ ಎತ್ತಿ, ಎದೆಯ ಮಟ್ಟಕ್ಕೆ ತಂದು ಹಿಡಿದರು. ನಾನು ತೆಳು ಬಟ್ಟೆಯ ಮೂಲಕ ಊದಿದೆ, ನಿಲ್ಲಿಸಿದೆ, ಮತ್ತೆ ಊದಿದೆ. ಹನ್ನೆರಡು ನಿಮಿಷ. ಐವತ್ತು ದಾಟಿದ, ಬೆಳಗಿನಿಂದ ನೀರನ್ನೂ ಮುಟ್ಟದ ಹೆಂಗಸಿನ ತೋಳು ಅದು. ಎಲ್ಲಿಗೆ ತಂದು ನಿಲ್ಲಿಸಿದರೋ ಅಲ್ಲಿಂದ ಕೂದಲೆಳೆಯಷ್ಟೂ ಕದಲಲಿಲ್ಲ. ಆಸ್ಪತ್ರೆಯಲ್ಲಿ ನಾನು ನುರಿತ ಡಾಕ್ಟರುಗಳ ಕೈ ನೋಡಿದ್ದೆ. ಅಂಥ ಕೈ ನೋಡಿರಲಿಲ್ಲ. ಒಮ್ಮೆ ತಲೆಯೆತ್ತಿದಾಗ ಆಕೆಯ ಮುಖ ಕಂಡಿತು. ನಡುಮನೆಯಲ್ಲಿ ಲಿಂಗವನ್ನು ನೋಡುತ್ತಿದ್ದಂತೆಯೇ ಕೂಸನ್ನು ನೋಡುತ್ತಿದ್ದರು. ಹೆದರಿಕೆಯಿಲ್ಲ, ಬೇಡಿಕೆಯಿಲ್ಲ, ಬರೀ ನೋಟ. ನಾನು ಯಾವುದೋ ಗರ್ಭಗುಡಿಯೊಳಗೆ ಕೇಳದೆ ಕಾಲಿಟ್ಟಂತಾಯಿತು.

ಕೂಸು ಬೆಕ್ಕಿನ ಮರಿಯಂತೆ ಸೀನಿತು. ಆಮೇಲೆ ಅತ್ತಿತು. ಅಷ್ಟರಲ್ಲಿ ತಾಯಿಯ ಹೊಟ್ಟೆಯೂ ನನ್ನ ಕೈಕೆಳಗೆ ಗಟ್ಟಿಯಾಗಿ, ರಕ್ತ ನಿಂತಿತು.

“ಹೆಣ್ಣಾ?” ಎಂದು ಸೊಸೆ ಅಳುಕುತ್ತ ಕೇಳಿದಳು.

“ಊಂ ಕಣವ್ವ, ಎಣ್ಣೇ. ಉಸ್ರಾಡ್ತಾ ಐತೆ. ನನ್ ಮಗ ಇನ್ಯಾರ್ನ ತಂದಾನು? ನಾನಿನ್ನೂ ಸತ್ತಿಲ್ಲ, ಅಳಬ್ಯಾಡ ಬುಡು,” ಎಂದರು ಅತ್ತೆ.

ಕೂಸನ್ನು ಹತ್ತಿಯಲ್ಲಿ ಸುತ್ತಿ ತಾಯಿಯ ಎದೆಗೆ ಕೊಟ್ಟ ಮೇಲೆ ನನಗೆ ತಡೆಯಲಾಗಲಿಲ್ಲ. “ದಿನಾ ಅಷ್ಟು ಹೊತ್ತು ಏನು ಬೇಡ್ಕೋತೀರಮ್ಮ?” ಎಂದು ಕೇಳಿದೆ.

“ಮೊದ್ಲು ಬೇಡ್ತಿದ್ದೆ. ಒಂದ್ ಕೂಸು ಓದ್ಮ್ಯಾಕೆ ಜಗಳ ಆಡ್ದೆ. ಎರಡ್ನೇದು ಓದ್ಮ್ಯಾಕೆ ಆಡಕ್ಕೆ ಮಾತೇ ಉಳೀನಿಲ್ಲ. ಸುಮ್ನೆ ನೋಡ್ಕೊಂಡು ಕುಂತ್ಕೊತೀನಿ. ಕೈ ಅಲುಗ್ಬಾರ್ದು, ಅಷ್ಟೇಯ.”

ಪ್ರಾರ್ಥನೆಯ ಉದ್ದೇಶವೇನೆಂದು ಯಾರಾದರೂ ಕೇಳಿದರೆ ನಾನು ಈ ಮಾತನ್ನೇ ಹೇಳುತ್ತೇನೆ. ಆಕೆಯ ಪೂಜೆ ಕೂಸನ್ನು ಉಳಿಸಿತೆಂದು ಹೇಳಲಾರೆ. ಇದೇ ಆಕೆ, ಇದೇ ಪೂಜೆ ಇದ್ದಾಗಲೇ ಎರಡನೆಯದು ಹೋಗಿತ್ತು. ಕರೆದಾಗ ಏಳಲಾಗದಷ್ಟು ಬೆಳೆದ ಪೂಜೆ ಹೆಚ್ಚೇ ಎಂಬುದು ಈಗಲೂ ನನ್ನ ಅಭಿಪ್ರಾಯ. ಆದರೆ ಆಕೆ ಒಂದೇ ಮಾತಿಗೆ ಎದ್ದಿದ್ದರು.

ಕೂಸಿಗೆ ಲಿಂಗ ಕಟ್ಟಲು ಜಂಗಮ ಅಯ್ಯನವರನ್ನು ಕರೆತರುವಂತೆ ಹೊರಗಿದ್ದ ಮಗನನ್ನು ಕಳುಹಿಸಿ, ಆಕೆ ಮತ್ತೆ ಕೈಕಾಲು ತೊಳೆದು ಬಂದರು. “ಪೂಜೆ ಅರ್ಧಕ್ಕೆ ಬುಟ್ಟಿದ್ದೀನಿ,” ಎಂದು ಈ ಸಲ ಸೊಸೆಯ ಚಾಪೆಯ ಪಕ್ಕದಲ್ಲೇ ಕುಳಿತರು. ಪಕ್ಕದ ಮನೆಯವಳು ಏನೋ ಹೇಳಹೊರಟಳು. ನಾನು ಕಣ್ಣಿನಲ್ಲೇ ಗದರಿಸಿದೆ. ಹೊರಗೆ ಗಾಡಿಯವನು ಎರಡು ಸಲ ಕೂಗಿದ. ಕಾಯಲಿ ಎಂದು ಹೇಳಿಕಳಿಸಿದೆ. ಸದ್ದಾಗದಂತೆ ಕತ್ತರಿಯನ್ನೂ ಚಿಮುಟವನ್ನೂ ಮತ್ತೆ ಕುದಿಸಿದೆ, ಒರೆಸಿದೆ, ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಜೋಡಿಸಿ ಮುಚ್ಚಳ ಹಾಕಿದೆ.