ಸೊನ್ನೆ ಮೇಡಂ ಬರೆದ ಕಾರಣ

ಅಣು ಪ್ರಯೋಗಾಲಯದಲ್ಲಿ ಕೆಲಸ ಎಂದ ಕೂಡಲೇ ನೆಂಟರು ಸೋಫಾದ ಮೇಲೆ ಒಂದು ಗೇಣು ಪಕ್ಕಕ್ಕೆ ಸರಿಯುತ್ತಾರೆ. ನಮ್ಮ ಚಿಕ್ಕಮ್ಮನಂತೂ ಒಮ್ಮೆ ಕರೆಂಟು ಹೋದಾಗ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು, ಹೊಳೆಯುತ್ತೇನೋ ಎಂದು. ನಾನೂ ಗತ್ತಿನಿಂದ ಸುಮ್ಮನಿದ್ದೆ. ನಿಜ ಹೇಳಬೇಕೆಂದರೆ ಅಲ್ಲಿ ನನ್ನ ಕೆಲಸ ಬ್ಯಾಜು ಎಣಿಸುವುದು. ವಿಕಿರಣದ ಕೋಣೆಗೆ ಹೋಗುವ ಐವತ್ತಾರು ಜನರ ಎದೆಯ ಮೇಲೆ ಒಂದೊಂದು ಪ್ಲಾಸ್ಟಿಕ್ ಬ್ಯಾಜು ಇರುತ್ತದೆ. ಮೈಗೆ ಎಷ್ಟು ವಿಕಿರಣ ತಾಗಿತೆಂದು ಅದು ಒಳಗೇ ಗುರುತಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಅವನ್ನು ಒಟ್ಟುಮಾಡಿ ಓದಿಸಲು ಕಳಿಸುವುದು, ಬಂದ ಅಂಕಿಗಳನ್ನು ರಿಜಿಸ್ಟರಿಗೆ ಇಳಿಸುವುದು. ಇಷ್ಟಕ್ಕೆ ಸಂಬಳ.

ನನ್ನ ಮೇಲಿನವರು ವಿಕಿರಣ ಸುರಕ್ಷತಾ ಅಧಿಕಾರಿ. ಇಪ್ಪತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಅವರ ಬ್ಯಾಜು ಸೊನ್ನೆ ಬಿಟ್ಟು ಬೇರೆ ಅಂಕಿ ತೋರಿಸಿದ್ದಿಲ್ಲ. ಹಾಗಾಗಿ ಬೆನ್ನ ಹಿಂದೆ ಎಲ್ಲರಿಗೂ ಅವರು ಸೊನ್ನೆ ಮೇಡಂ. ಅವರಿಗೂ ಅದು ಗೊತ್ತು, ಒಳಗೊಳಗೆ ಖುಷಿಯೂ ಇದೆ. ವಿಕಿರಣ ಅಳೆಯುವ ಮೀಟರನ್ನು ಹಸುಗೂಸಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ದಿನಾ ಬೆಳಿಗ್ಗೆ ಒಂದು ಸುತ್ತು. ಆಮೇಲೆ ರೂಪಾಯಿ ಅಗಲದ ಕಾಗದದ ಬಿಲ್ಲೆಗಳಿಂದ ಮೇಜು, ನಲ್ಲಿ, ಟೆಲಿಫೋನು, ಕೊನೆಗೆ ಟೀ ರೂಮಿನ ಸ್ವಿಚ್ಚನ್ನೂ ಒರೆಸಿ ಒರೆಸಿ ಅಳೆಯುತ್ತಾರೆ.

"ಸ್ವಿಚ್ ಯಾಕೆ ಮೇಡಂ?" ಎಂದು ಸೇರಿದ ಹೊಸದರಲ್ಲಿ ಕೇಳಿದ್ದೆ.

"ವಿಕಿರಣದ ಧೂಳು ಮೇಜಿನ ಮೇಲೇ ಕೂತಿರಲ್ಲಪ್ಪ. ನಿನ್ನಂಥೋರ ಕೈ ಹಿಡ್ಕೊಂಡು ಟೀ ಕುಡಿಯೋಕೂ ಬರುತ್ತೆ."

ಸಂಜೆ ಬಾಗಿಲಲ್ಲಿ ನಿಂತು ನನ್ನನ್ನು ಕೇಳುವುದು ಒಂದೇ ಮಾತು: "ಬ್ಯಾಜು?" ಬ್ಯಾಜು ಗೋಡೆಯ ಹಲಗೆಯ ಮೊಳೆಗೇ ತೂಗಬೇಕು, ಮನೆಗೆ ಹೋಗಕೂಡದು. ನಾನು ಮೂರು ಸಲ ಒಯ್ದಿದ್ದೇನೆ. ಮೂರನೇ ಸಲ ಅಮ್ಮ ಅದನ್ನು ಅಂಗಿಯ ಜೊತೆ ಒಗೆದು, ಅಂಗಿಯನ್ನು ಇಸ್ತ್ರಿ ಮಾಡಿ, ಬ್ಯಾಜನ್ನೂ ಒರೆಸಿ ಕೊಟ್ಟರು. ಮೇಡಂ ಬೈಯಲಿಲ್ಲ. "ನಿಮ್ಮಮ್ಮನಿಗೂ ಒಂದು ಮಾಡಿಸೋಣ. ನಿನಗಿಂತ ಅವರೇ ಜಾಸ್ತಿ ಹೊತ್ತು ಹಾಕ್ಕೊಂಡಿರ್ತಾರೆ" ಎಂದರು. ಮುಖ ಮುಚ್ಚಿಕೊಳ್ಳಲು ನನ್ನ ಬಳಿ ಎರಡೇ ಕೈ ಇದ್ದವು.

ಅವರ ಯಜಮಾನರು ನಿವೃತ್ತ ಭಾಷಾ ಶಿಕ್ಷಕರು. ನಮಗೆಲ್ಲ ಮೇಷ್ಟ್ರು. ಪ್ರಯೋಗಾಲಯದ ಹಿಂದಿನ ಕ್ವಾರ್ಟರ್ಸಿನಲ್ಲೇ ಮನೆ, ಐದು ನಿಮಿಷದ ನಡಿಗೆ. ಅವರ ಕುತ್ತಿಗೆಯಲ್ಲಿ ಥೈರಾಯಿಡ್ ಗಂಟು ಕಂಡು, ಆಪರೇಷನ್ ಆಗಿ, ಆಮೇಲೆ ವಿಕಿರಣ ಸೂಸುವ ಅಯೋಡಿನ್ ಔಷಧ ನುಂಗಿಸಿದರು. ಅದು ಒಳಗೆ ಉಳಿದ ಕೆಟ್ಟದ್ದನ್ನು ಸುಡುತ್ತದೆ. ಸುಡುವಷ್ಟು ದಿನ ರೋಗಿಯ ಮೈಯೇ ನಮ್ಮ ಕೋಣೆಯಲ್ಲಿ ವಿಕಿರಣ ವಸ್ತು ಇಡುವ ಡಬ್ಬಿಯಂತೆ. ಮನೆಗೆ ಕಳಿಸುವಾಗ ಡಾಕ್ಟರು, ಒಂದು ವಾರ ಯಾರೂ ಹತ್ತಿರ ಕೂರಬಾರದು ಎಂದರಂತೆ. ಮೇಷ್ಟ್ರು ಬಂದವರೇ ತಮ್ಮ ಕೋಣೆಯ ನೆಲಕ್ಕೆ, ಮಂಚದಿಂದ ಎರಡು ಮೀಟರು ಅಳೆದು, ಸೀಮೆಸುಣ್ಣದಿಂದ ಗೆರೆ ಎಳೆದರು. "ನಿನ್ನ ಸೊನ್ನೆ ಕೆಡಿಸಿದ ಅಪಕೀರ್ತಿ ನನಗೆ ಬೇಡ ಕಣೇ. ಈಚೆ ಬರಬೇಡ" ಎಂದರು. ಮೇಡಂ ಹೂಂ ಅಂದರು. ರಜೆ ಹಾಕಲಿಲ್ಲ. ಊಟದ ಹೊತ್ತಿಗೆ ಮಾತ್ರ ಮನೆಗೆ ಹೋಗಿ ಬರುತ್ತಿದ್ದರು.

ಎರಡು ತಿಂಗಳು ಕಳೆದು ಬ್ಯಾಜುಗಳ ವರದಿ ಬಂತು. ಐವತ್ತೈದು ಬ್ಯಾಜಿಗೆ ಸೊನ್ನೆ, ಒಂದಕ್ಕೆ ಮಾತ್ರ ಸೊನ್ನೆ ಪಾಯಿಂಟ್ ನಾಲ್ಕು. ನನ್ನದೇ ಇರಬೇಕೆಂದು ಹೆಸರುಗಳ ಮೇಲೆ ಬೆರಳು ಓಡಿಸಿದೆ. ನೋಡಿದರೆ ಮೇಡಂದು.

ವರ್ಷಕ್ಕೆ ಇಪ್ಪತ್ತರವರೆಗೆ ಅನುಮತಿ ಇರುವಾಗ ಪಾಯಿಂಟ್ ನಾಲ್ಕು ಯಾವ ಲೆಕ್ಕ ಎಂದೆ. ಮೇಡಂ ಕೇಳಿಸಿಕೊಳ್ಳಲೇ ಇಲ್ಲ. "ನನಗೇ ಇಷ್ಟು ಅಂದ್ರೆ, ಗುಡಿಸೋ ಅಕ್ಕ ನನಗಿಂತ ಹೆಚ್ಚು ಹೊತ್ತು ಒಳಗಿರ್ತಾಳಲ್ಲ. ಅವಳ ಬ್ಯಾಜು ಸರಿಯಾಗಿ ಓದಿದ್ದಾರಾ? ಎಲ್ಲೋ ಸೋರ್ತಿದೆ" ಎಂದು ಅವತ್ತೇ ಕೋಣೆಗೆ ಬೀಗ ಹಾಕಿಸಿದರು. ಕೆಲಸ ನಿಂತಿತು. ಎರಡು ದಿನ ನಾವಿಬ್ಬರೂ ಮೊಣಕಾಲೂರಿ ನೆಲ ಒರೆಸಿದೆವು. ವಿಕಿರಣ ತಡೆಯುವ ಸೀಸದ ಇಟ್ಟಿಗೆ ಒಂದೊಂದನ್ನೇ ಸರಿಸಿ ಸಂದಿಗಳನ್ನೂ ಒರೆಸಿದೆವು. ಎಲ್ಲೂ ಏನೂ ಇಲ್ಲ. ಅಕ್ಕ ಬಾಗಿಲ ಹೊರಗೆ ಪೊರಕೆ ಹಿಡಿದು, "ನಂಗೇನಾದ್ರೂ ಆಗಿದ್ಯಾ ಅಮ್ಮ?" ಎಂದು ಎರಡು ಸಲ ಕೇಳಿದರು. "ಆಗಿಲ್ಲ, ಆದ್ರೆ ಖಾತ್ರಿ ಮಾಡ್ಕೋತೀನಿ" ಎಂದು ಮೇಡಂ ಎರಡು ಸಲವೂ ಅಷ್ಟೇ ತಾಳ್ಮೆಯಿಂದ ಹೇಳಿದರು.

ಎರಡನೇ ದಿನ ಊಟದ ಬೆಲ್ಲು ಹೊಡೆಯಿತು. ಮೇಡಂ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ಬ್ಯಾಜು ಕೋಟಿನ ಮೇಲಿರಲಿಲ್ಲ, ಒಳಗಿನ ಕುಪ್ಪಸದ ಮೇಲಿತ್ತು. ಅದನ್ನು ಮುಟ್ಟಿ ನೋಡಿ ಅಲ್ಲೇ ನಿಂತುಬಿಟ್ಟರು.

"ಅಯ್ಯೋ," ಎಂದರು ಮೆಲ್ಲಗೆ. "ನಮ್ಮನೆಯವರು ಔಷಧ ನುಂಗಿ ಬಂದ ವಾರ ಬ್ಯಾಜು ನನ್ನ ಜೊತೆ ಮನೆಗೆ ಬಂದಿತ್ತು ಕಣಪ್ಪ."

"ಬಂದ್ರೆ? ನೀವು ಗೆರೆಯಿಂದ ಆಚೆಗೇ ಇದ್ರಲ್ಲ."

ಅವರು ಬ್ಯಾಜು ಬಿಚ್ಚಿ ಮೊಳೆಗೆ ತೂಗುಹಾಕಿದರು. ನಾನು ಎಷ್ಟು ಮಂದ ಎಂದರೆ, ಅರ್ಥವಾಗಲು ಅರ್ಧ ನಿಮಿಷ ಹಿಡಿಯಿತು.

ತಕ್ಷಣ ಉಪಾಯ ಹೇಳಿದೆ. ನಾನೇ ತಪ್ಪಿ ಮೇಡಂ ಬ್ಯಾಜನ್ನು ಡಬ್ಬಿಯ ಪಕ್ಕ ಇಟ್ಟಿದ್ದೆ ಎಂದು ಬರೆಯೋಣ, ಯಾರೂ ಅನುಮಾನಪಡುವುದಿಲ್ಲ, ನನಗೆ ಆ ಖ್ಯಾತಿ ಇದ್ದೇ ಇದೆ.

"ಇವತ್ತು ನಾನು ಸುಳ್ಳು ಬರೆದ್ರೆ, ನಾಳೆ ಏನೂ ಆಗಿಲ್ಲ ಅಂದಾಗ ಆ ಅಕ್ಕ ಯಾಕೆ ನಂಬಬೇಕು?" ಎಂದರು. "ಫಾರಂ ತಗೋ. ಬಾ."

ಫಾರಂನಲ್ಲಿ ದೂರ ಎಷ್ಟು, ಹೊತ್ತು ಎಷ್ಟು ಎಂದು ತುಂಬಬೇಕು. ಅಂಕಿ ತಾಳೆಯಾದರೆ ಮಾತ್ರ ಕೋಣೆಯ ಬೀಗ ತೆಗೆಯಬಹುದು. ಮನೆ ಹತ್ತಿರವಾದಂತೆ ಮೇಡಂ ನಡಿಗೆ ನಿಧಾನವಾಗುತ್ತ ಹೋಯಿತು. ಕಚೇರಿಯ ಚಿಂತೆಯಲ್ಲ ಅದು. ಗೆರೆ ದಾಟಿದ್ದನ್ನು ಮೇಷ್ಟ್ರಿಗೆ ಹೇಳಬೇಕಿತ್ತು. ತನ್ನಿಂದ ಹೆಂಡತಿಗೆ ಏನಾದರೂ ತಾಗೀತೆಂದೇ ಆ ಮನುಷ್ಯ ಒಂದು ವಾರ ಒಬ್ಬರೇ ಗೋಡೆ ನೋಡುತ್ತ ಮಲಗಿದ್ದರು.

ಮೇಷ್ಟ್ರು ಕಿಟಕಿ ಬಳಿ ಪೇಪರು ಓದುತ್ತಿದ್ದರು. ಮೇಡಂ ನಿಂತೇ ಹೇಳಿದರು: "ರೀ, ಆ ವಾರ ಮಧ್ಯಾಹ್ನ ನೀವು ಮಲಗಿದ್ದಾಗ ನಾನು ಪಕ್ಕದಲ್ಲಿ ಬಂದು ಕೂತ್ಕೋತಿದ್ದೆ. ಎಷ್ಟು ಹೊತ್ತು ಅಂತ ನೆನಪಿಲ್ಲ. ಅರ್ಧ ಗಂಟೆ ಇರಬಹುದು."

ಮೇಷ್ಟ್ರು ಪೇಪರು ಮಡಿಸಿದರು. "ನಲವತ್ತು ನಿಮಿಷ."

"ಏನು?"

"ಐದು ದಿನ, ದಿನಾ ನಲವತ್ತು ನಿಮಿಷ. ನಿನ್ನ ಹೆಜ್ಜೆ ಕೇಳಿದಾಗ ಒಂದ್ಸಲ, ನೀನು ಎದ್ದು ಹೋದ ಮೇಲೆ ಒಂದ್ಸಲ ಎದುರಿನ ಗಡಿಯಾರ ನೋಡ್ತಿದ್ದೆ. ಕುರ್ಚಿ ಮಂಚದಿಂದ ಒಂದೂವರೆ ಅಡಿ. ನೆಲದ ಹಾಸುಗಲ್ಲು ಎಣಿಸಿದ್ದೆ."

"ನೀವು ನಿದ್ದೆ ಮಾಡ್ತಿದ್ರಿ."

"ಕಣ್ಣು ಮುಚ್ಚಿದ್ದೆ. ತೆರೆದಿದ್ರೆ ಎದ್ದು ಹೋಗು ಅನ್ನಬೇಕಾಗಿತ್ತು."

ಮೇಡಂ ಮಂಚದ ಮೇಲೆ ಕೂತರು. ನಾನು ಫಾರಂ ನೋಡುವವನಂತೆ ಫಾರಂ ನೋಡಿದೆ. ಒಂದೂವರೆ ಅಡಿ, ಇನ್ನೂರು ನಿಮಿಷ. ಗುಣಿಸಿದಾಗ ಹೆಚ್ಚುಕಡಿಮೆ ಪಾಯಿಂಟ್ ನಾಲ್ಕೇ ಬಂತು. ಕೋಣೆಯಲ್ಲಿ ಸೋರಿಕೆ ಇರಲಿಲ್ಲ.

"ಕಾರಣ ಅಂತ ಕಾಲಂ ಇದೆ ಮೇಡಂ."

"ಗಂಡನ ಪಕ್ಕ ಕೂತಿದ್ದೆ ಅಂತ ಬರಿ."

"ಕೂತಿದ್ದೆ ಅಲ್ಲ, ಕುಳಿತಿದ್ದೆ," ಎಂದರು ಮೇಷ್ಟ್ರು. "ಸರ್ಕಾರಿ ಕಾಗದ. ತಿದ್ದು."

ತಿದ್ದಿದೆ. ನಿರ್ದೇಶಕರು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಬ್ಯಾಜು ಹೊರಗೆ ಒಯ್ದಿದ್ದಕ್ಕೆ ಮೇಡಂಗೆ ಒಂದು ಎಚ್ಚರಿಕೆ ಪತ್ರ ಕೊಟ್ಟರು. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲನೆಯದು. ಅದನ್ನು ಫೈಲಿಗೆ ಹಾಕಿದವನೂ ನಾನೇ. ಗುಡಿಸುವ ಅಕ್ಕನಿಗೆ ಮೇಡಂ ತಾವೇ ಹೋಗಿ ಎಲ್ಲ ವಿವರಿಸಿದರು. "ಅಷ್ಟೇನಾ ಅಮ್ಮ" ಎಂದು ಅಕ್ಕ ಪೊರಕೆ ಬಿಟ್ಟು ಅವರ ಕೈ ಹಿಡಿದುಕೊಂಡರಂತೆ.

ಕಳೆದ ವಾರ ಮೇಷ್ಟ್ರಿಗೆ ಇನ್ನೊಂದು ಸುತ್ತು ಔಷಧ ಕೊಟ್ಟರು. ಡಾಕ್ಟರು ಮತ್ತೆ ಅದೇ ಮಾತು ಹೇಳಿದ್ದಾರೆ, ಮೇಷ್ಟ್ರು ಮತ್ತೆ ಗೆರೆ ಎಳೆದಿದ್ದಾರೆ. ನಿನ್ನೆ ಊಟದ ಬೆಲ್ಲು ಹೊಡೆದಾಗ ಮೇಡಂ ಬೇಗ ಬೇಗ ಹೊರಟರು. ನಾನು ಬಾಗಿಲಲ್ಲಿ ಕೈ ಚಾಚಿ ನಿಂತೆ.

"ಬ್ಯಾಜು?"

ಅವರು ಬಿಚ್ಚಿ ನನ್ನ ಅಂಗೈ ಮೇಲಿಟ್ಟು ಹೋದರು. ಮೊಳೆಗೆ ತೂಗುಹಾಕಿ ಗಡಿಯಾರ ನೋಡಿದೆ. ಮೇಡಂ ವಾಪಸು ಬಂದಾಗ ಐವತ್ತು ನಿಮಿಷವಾಗಿತ್ತು. ದಾರಿಯ ಹತ್ತು ಕಳೆದರೆ ನಲವತ್ತು. ಎಲ್ಲಿಯೂ ಬರೆದುಕೊಳ್ಳಲಿಲ್ಲ.