ಚಿನ್ನದ ಗುಡ್ಡಕ್ಕೆ ಸುಭದ್ರಮ್ಮ ಎರಡು ಸಲ ಹೋದದ್ದು

ಭದ್ರಾವತಿಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ಅದಿರು ಪರೀಕ್ಷಿಸಿ ನಿವೃತ್ತರಾದ ಸುಭದ್ರಮ್ಮ, ಶಿವಮೊಗ್ಗಕ್ಕೆ ಬಂದ ಮೇಲೆ ಭಾನುವಾರದ ಚಾರಣಕ್ಕೆಂದು ಒಂದು ತಂಡ ಕಟ್ಟಿದ್ದರು. ಕಳೆದ ಕಾರ್ತಿಕದಲ್ಲಿ ಹದಿನಾಲ್ಕು ಜನರನ್ನು ಹೊನ್ನಾಳಿ ಕಡೆಯ ಗುಡ್ಡವೊಂದಕ್ಕೆ ಕರೆದೊಯ್ದರು. ಬ್ರಿಟಿಷರ ಕಾಲದಲ್ಲಿ ಚಿನ್ನ ತೆಗೆದು ಬಿಟ್ಟುಹೋದ ಜಾಗವದು.

ಗುಡ್ಡದ ಬುಡದಲ್ಲೇ ಮೆಕ್ಕೆಜೋಳದ ಹೊಲದ ಒಡತಿ ಚೌಡಮ್ಮ ಅಡ್ಡ ನಿಂತರು. ಹಿಂದಿನ ತಿಂಗಳು ಯಾರೋ ಬಂದು, ಹೇಳದೆ ಕೇಳದೆ, ಹೊಲದ ಬದುವಿನ ಕಲ್ಲುಗಳಿಗೆ ಅಳತೆಯ ಕೆಂಪು ಗುರುತು ಬಳಿದು ಹೋಗಿದ್ದರಂತೆ. ಅಂದಿನಿಂದ ಟೋಪಿ, ಬೆನ್ನಚೀಲ ಕಂಡರೆ ಅವರಿಗೆ ಅನುಮಾನ.

"ನಾವು ಸುಮ್ಮನೆ ನಡೆಯೋರು ಕಣಮ್ಮ. ಇವರೆಲ್ಲರ ಜವಾಬ್ದಾರಿ ನಂದು," ಎಂದರು ಸುಭದ್ರಮ್ಮ.

ಚೌಡಮ್ಮ ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ ದಾರಿ ಬಿಟ್ಟರು. ಬಿಟ್ಟರೂ ಹಿಂದೆಯೇ ಬಂದರು.

ಮಣ್ಣು ಕುಸಿದು ಅರ್ಧ ಮುಚ್ಚಿದ ಸುರಂಗದ ಬಾಯಲ್ಲಿ ಎಲ್ಲರೂ ಫೋಟೊ ತೆಗೆಸಿಕೊಂಡರು. ತಂಡಕ್ಕೆ ಹೊಸಬನಾದ ವಸಂತ್ ಮಾತ್ರ ಪ್ರತಿ ತಿರುವಿನಲ್ಲೂ ಹಿಂದುಳಿಯುತ್ತಿದ್ದ. ಕೇಳಿದರೆ ಮಂಡಿನೋವು ಎಂದ. ಮಂಡಿನೋವಿದ್ದವರು ಇಳಿಯುವಾಗ ತಡವರಿಸಬೇಕು. ಅವನು ಎಲ್ಲರಿಗಿಂತ ಮೊದಲು ಇಳಿದ. ಸುಭದ್ರಮ್ಮನಿಗೆ ಅದು ಸರಿಕಾಣಲಿಲ್ಲ.

ವಾಪಸು ಬರುವಾಗ ಹೊಳಲೂರಿನಲ್ಲಿ ಟೀ ಕುಡಿಯಲು ಇಳಿದರು. ಬೆಂಚಿನಿಂದ ವಸಂತನ ಚೀಲ ಜಾರಿ ಬಿದ್ದು ಬಾಯ್ತೆರೆಯಿತು. ಒಳಗೆ ಕಲ್ಲಿನ ಚೂರು ಕಟ್ಟಿದ ಪುಟ್ಟ ಪುಟ್ಟ ಬಟ್ಟೆಯ ಗಂಟುಗಳು, ಪ್ರತಿಯೊಂದಕ್ಕೂ ನಂಬರಿನ ಚೀಟಿ. ಅಂಥವನ್ನು ಬಿಚ್ಚುತ್ತಲೇ ಸುಭದ್ರಮ್ಮನ ನೌಕರಿ ಕಳೆದಿತ್ತು.

ಮಗಳ ಸ್ಕೂಲ್ ಪ್ರಾಜೆಕ್ಟಿಗೆ ಎಂದ ವಸಂತ್. ಯಾವ ಕ್ಲಾಸು ಎಂದು ಕೇಳಿದರೆ ಯೋಚಿಸಿದ. ಬಿಡದೆ ಕೇಳಿದಾಗ, "ನಾನು ಬರೀ ಸ್ಯಾಂಪಲ್ ತಂದುಕೊಡೋನು ಮೇಡಂ. ಗಣಿ ಕಂಪನಿ ಯಾವ್ದು ಅಂತ ನಂಗೂ ಹೇಳಿಲ್ಲ," ಎಂದ. ಅದನ್ನೂ ಅವರು ನಂಬಲಿಲ್ಲ.

ಬುಧವಾರ ಒಬ್ಬರೇ ಬಸ್ಸು ಹತ್ತಿ ಹೋಗಿ ಚೌಡಮ್ಮನಿಗೆ ಎಲ್ಲವನ್ನೂ ಹೇಳಿದರು. ವಸಂತನ ಫೋನ್ ನಂಬರನ್ನೂ ಕೊಟ್ಟರು.

"ನಿಮಗೆ ಮೊದ್ಲೇ ಗೊತ್ತಿರ್ಲಿಲ್ಲ ಅಂತ ಹೆಂಗೆ ನಂಬ್ಲಿ?" ಎಂದರು ಚೌಡಮ್ಮ.

"ಪಂಚಾಯ್ತೀಲಿ ಬರೆದು ಸಹಿ ಹಾಕಿ ಕೊಡ್ತೀನಿ, ಬನ್ನಿ," ಎಂದರು ಸುಭದ್ರಮ್ಮ. ಇಬ್ಬರೂ ಪಂಚಾಯ್ತಿ ಆಫೀಸಿಗೆ ನಡೆದರು. ಅಲ್ಲಿ ಸುಭದ್ರಮ್ಮ ತಾವು ಕಂಡದ್ದನ್ನೆಲ್ಲ ಚೌಡಮ್ಮನ ಹೆಸರಿನ ತಕರಾರು ಅರ್ಜಿಯಾಗಿ ಬರೆದು, ಸಾಕ್ಷಿಯೆಂದು ಸಹಿ ಹಾಕಿದರು. ಚೌಡಮ್ಮ ಆ ಹಾಳೆಯನ್ನು ಗುಮಾಸ್ತರಿಂದ ಎರಡು ಸಲ ಓದಿಸಿ ಕೇಳಿಸಿಕೊಂಡು, ಆಮೇಲಷ್ಟೇ ಹೆಬ್ಬೆಟ್ಟು ಒತ್ತಿದರು.