ರೇಖಾಗಣಿತದ ಹದಿನಾಲ್ಕು ಮೆಟ್ಟಿಲು

ಕತ್ತರಿ ಚಿಕ್ಕಮ್ಮನ ಮನೆ ಎಲ್ಲಿ ಎಂದರೆ ನಮ್ಮ ಬೀದಿಯಲ್ಲಿ ಯಾರು ಬೇಕಾದರೂ ತೋರಿಸುತ್ತಾರೆ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕುವುದು ಆಕೆಯ ಕೆಲಸ. ಹೊಲಿಗೆಯೂ ನಿಲ್ಲದಷ್ಟು ಹಣ್ಣಾದವಕ್ಕೆ 'ರದ್ದು' ಎಂಬ ಮುದ್ರೆ ಬೀಳುತ್ತದೆ. ರದ್ದಾದವೆಲ್ಲ ಚಿಕ್ಕಮ್ಮನ ಮನೆ ಸೇರುತ್ತವೆ. ಅಲ್ಲಿ ಸುಮ್ಮನಿರುತ್ತವೆಯೇ? ಹಾಳೆ ಮಡಿಸಿ, ಅಂಟಿಸಿ, ಸಣ್ಣ ಚಾಕುವಿನಿಂದ ಕೊರೆದು, ಹಡಗಿನ ಕಥೆಯೊಳಗಿಂದ ಹಡಗನ್ನೇ ಎಬ್ಬಿಸುತ್ತಾಳೆ. ದಪ್ಪ ನಿಘಂಟೊಂದು ಹೊಟ್ಟೆಯೊಳಗೆ ಗುಬ್ಬಿಗೂಡು ಇಟ್ಟುಕೊಂಡು ಕಿಟಕಿಯಲ್ಲಿ ಕೂತಿದೆ.

ಆಕೆಗೊಂದು ಕಟ್ಟುನಿಟ್ಟು: ಮೊದಲ ಪುಟದಿಂದ ಕೊನೆಯವರೆಗೆ ಓದದೆ ಯಾವ ಪುಸ್ತಕಕ್ಕೂ ಚಾಕು ತಾಗಿಸುವುದಿಲ್ಲ.

ಆದರೂ ಒಡಹುಟ್ಟಿದ ಅಕ್ಕ ಒಲಿಯಲಿಲ್ಲ. ನಿವೃತ್ತ ಗಣಿತದ ಮೇಡಂ ಅವಳು. ಪುಸ್ತಕ ಕೊಯ್ಯುವವಳ ಮನೆಗೆ ಕಾಲಿಡುವುದಿಲ್ಲವೆಂದು ಮುನಿಸಿಕೊಂಡು ಎರಡು ವರ್ಷ. ಮನೆ ಎದುರುಬದುರು, ಅಕ್ಕ ಬಟ್ಟೆ ಒಣಹಾಕುವುದೂ ಇತ್ತ ಬೆನ್ನು ಮಾಡಿಯೇ. ಮನೆ ತುಂಬ ಕಾಗದದ ಹಕ್ಕಿಗಳಿದ್ದರೂ ಸಂಜೆಯ ಚಹಾಕ್ಕೆ ಜೊತೆಯಿಲ್ಲವೆಂಬ ಕೊರಗು ಚಿಕ್ಕಮ್ಮನಿಗೆ.

ಹೀಗಿರುವಾಗ ಹಳೆಯ ರೇಖಾಗಣಿತದ ಪುಸ್ತಕವೊಂದು ರದ್ದಾಗಿ ಬಂತು. ಪ್ರಮೇಯಗಳನ್ನು ಯಾರು ಓದುತ್ತಾ ಕೂರುತ್ತಾರೆ ಎಂದು ಚಿಕ್ಕಮ್ಮ ಅದೊಂದು ಸಲ ನಿಯಮ ಮುರಿದಳು. ಮೂರು ದಿನದಲ್ಲಿ ಪುಸ್ತಕದೊಳಗೆ ಹದಿನಾಲ್ಕು ಮೆಟ್ಟಿಲು ಎದ್ದವು. ಕೊನೆಗೆ ಹಿಂದಿನ ರಟ್ಟು ಒರೆಸಲು ಹೋದರೆ, ಒಳಬದಿಯಲ್ಲಿ ಮಾಸಿದ ಶಾಯಿಯ ಗುಂಡಗಿನ ಅಕ್ಷರ: 'ಈ ಪುಸ್ತಕ ಮುಟ್ಟಿದವರ ಕೈ ಸೇದಿಹೋಗಲಿ.' ಅಕ್ಕನ ಕೈಬರಹ! ಹುಡುಗಿಯಾಗಿದ್ದಾಗ ತಂಗಿಯ ಕಾಟಕ್ಕೆ ಬಚ್ಚಿಟ್ಟುಕೊಂಡು ಓದುತ್ತಿದ್ದ ಪುಸ್ತಕ. ಮುಂದೆ ಯಾವಾಗಲೋ ಗ್ರಂಥಾಲಯಕ್ಕೆ ಕೊಟ್ಟಿದ್ದಳು.

ಮುಚ್ಚಿಡಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ರಸ್ತೆ ದಾಟಿ, ಅಕ್ಕನ ಬಾಗಿಲಲ್ಲಿ ನಿಂತು, ಇದು ನಿನ್ನದೇ, ಓದದೆ ಕೊಯ್ದುಬಿಟ್ಟೆ ಎಂದು ಒಪ್ಪಿಕೊಂಡಳು.

ಅಕ್ಕ ಕನ್ನಡಕ ಏರಿಸಿ ತನ್ನ ಶಾಪವನ್ನು ತಾನೇ ಓದಿದಳು. 

"ಎಲ್ಲಿ, ಕೈ ತೋರಿಸು."

ಚಿಕ್ಕಮ್ಮ ಎರಡೂ ಕೈ ಚಾಚಿದಳು.

"ಗಟ್ಟಿಮುಟ್ಟಾಗೇ ಇದೆಯಲ್ಲೇ. ನನ್ನ ಶಾಪಕ್ಕೂ ನಿನ್ನ ಮುಂದೆ ಬೆಲೆಯಿಲ್ಲ ನೋಡು."

ಆಮೇಲೆ ಪುಸ್ತಕವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಳು. ಹಿಡಿದವಳು ಬಹಳ ಹೊತ್ತು ಇಳಿಸಲಿಲ್ಲ.

"ಒಂಬತ್ತನೇ ಮೆಟ್ಟಿಲು ಸೊಟ್ಟ. ರೇಖಾಗಣಿತದ ಪುಸ್ತಕದಲ್ಲೇ ಕೋನ ತಪ್ಪಿದ್ದೀಯಲ್ಲೇ, ಓದಿದ್ರೆ ತಾನೇ ಗೊತ್ತಾಗೋದು?"

"ಓದಿದ್ರೂ ಗೊತ್ತಾಗ್ತಿರಲಿಲ್ಲ ಅಕ್ಕಾ. ಯಾವತ್ತು ಅರ್ಥ ಆಗಿದೆ ನಂಗೆ?"

ಅಕ್ಕ ಒಳಗೆ ಹೋಗಿ ಕೋನಮಾಪಕ, ಪೆನ್ಸಿಲು ತಂದಳು. ಚಪ್ಪಲಿ ಮೆಟ್ಟಿದಳು.

"ನಡಿ. ಚಾಕು ನಿಮ್ಮನೇಲಿದೆ ತಾನೇ?"

ಈಗ ಅಲ್ಲಿ ಸಂಜೆಗೆ ಎರಡು ಲೋಟ ಚಹಾ. ಸದ್ಯಕ್ಕೆ ಒಂದು ಭೂಗೋಳದ ಪುಸ್ತಕ ರದ್ದಾಗಿ ಬಂದಿದೆ. ಅಕ್ಕ ಅದನ್ನು ಜೋರಾಗಿ ಓದುವುದು, ಪುಟ ಹಾರಿಸಲು ನೋಡಿದ ತಂಗಿಯನ್ನು ಗದರುವುದು ಬೀದಿಗೆಲ್ಲ ಕೇಳಿಸುತ್ತದೆ. ನಿನ್ನೆಗೆ ನೂರಾ ಹನ್ನೆರಡನೇ ಪುಟ. ಚಾಕು ಇನ್ನೂ ಡಬ್ಬಿಯಲ್ಲೇ ಇದೆ.